ಸೀಗಡಿ ಸತ್ತಿದ್ದಕ್ಕೆ ನಮ್ಮ ಕಡೆಯಿಂದ ದೋಷವಿಲ್ಲ

ನಮ್ಮವರಿಗೆ ಒಂದು ಕಪ್ ಬಂತು. ಕಾಫಿ ಕುಡಿಯುವುದಲ್ಲ, ಬಹುಮಾನದ್ದು. ಎರಡು ಕಡೆ ಅಗಲವಾದ ಹಿಡಿಕೆ, ನಡುವೆ ಉಬ್ಬಿದ ಹೊಟ್ಟೆ, ಹೊಟ್ಟೆಯ ಮೇಲೆ ‘ಶೂನ್ಯ ದೂರು’ ಎಂಬ ಕೆತ್ತನೆ, ಮೈತುಂಬ ಕಣ್ಣು ಕುಕ್ಕುವ ಹೊಳಪು. ನೀರು ಸರಬರಾಜು ಕಚೇರಿಯ ದೂರು ವಿಭಾಗಕ್ಕೆ ಇವರೇ ಮುಖ್ಯಸ್ಥರು. ಇಡೀ ವರ್ಷ ಇವರ ಮೇಜಿನ ಮೇಲೆ ಒಂದೇ ಒಂದು ದೂರು ಬಾಕಿ ಉಳಿಯಲಿಲ್ಲವೆಂದು ಎಂಜಿನಿಯರ್ ಸಾಹೇಬರು ಇವರನ್ನು ಎಲ್ಲರ ಮುಂದೆ ನಿಲ್ಲಿಸಿ, ಬೆನ್ನು ತಟ್ಟಿ, ಈ ಕಪ್ ಕೊಟ್ಟರು.

ಉಳಿಯುವುದಾದರೂ ಹೇಗೆ ಹೇಳಿ. ನಲ್ಲಿಯಲ್ಲಿ ಕೆಸರು ಬರುತ್ತಿದೆ ಎಂದು ಯಾರಾದರೂ ಬರೆದುಕೊಂಡರೆ, ಇವರು ಅದರ ಬುಡದಲ್ಲೇ ‘ಪರಿಶೀಲಿಸಲಾಗಿದೆ, ನಮ್ಮ ಕಡೆಯಿಂದ ಯಾವ ದೋಷವೂ ಇಲ್ಲ’ ಎಂದು ಬರೆದು, ಸಹಿ ಜಡಿದು, ಅದೇ ಸಂಜೆ ವಾಪಸ್ ಕಳಿಸುತ್ತಿದ್ದರು. ನೀರೇ ಬರುತ್ತಿಲ್ಲ ಎಂದರೂ ಅದೇ ಉತ್ತರ. ನೀರು ನಿಲ್ಲುತ್ತಲೇ ಇಲ್ಲ, ಮನೆಯೊಳಗೆ ಮೊಣಕಾಲುದ್ದ ಬಂದಿದೆ ಎಂದರೂ ಅದೇ. ಮನೆಯಲ್ಲೂ ಪದ್ಧತಿ ಬೇರೆಯಲ್ಲ. ಫ್ಯಾನ್ ಕಿರುಗುಟ್ಟುತ್ತಿದೆ ಎಂದು ನಾನು ಅಂದರೆ ಪೇಪರಿನಿಂದ ತಲೆ ಎತ್ತದೆ ‘ನೋಡಿದೆ, ಏನೂ ಆಗಿಲ್ಲ’ ಎನ್ನುತ್ತಾರೆ. ಆ ಲೆಕ್ಕದಲ್ಲಿ ನಮ್ಮದು ಮದುವೆಯಾದಾಗಿನಿಂದ ಒಂದು ದೂರೂ ಬಾಕಿ ಇಲ್ಲದ ಸಂಸಾರ.

ಕಪ್ಪನ್ನು ಮೊದಲು ಗಾಜಿನ ಬಾಗಿಲಿನ ಶೋಕೇಸಿನಲ್ಲಿಟ್ಟರು. ಬಂದವರು ಅದರ ಪಕ್ಕದ ಟಿವಿ ನೋಡಿದರೇ ಹೊರತು ಕಪ್ ನೋಡಲಿಲ್ಲ. ಶೋಕೇಸಿನ ಮೇಲೆ, ಹೊರಗಡೆ ಇಟ್ಟರು. ಮೇಲ್ಮನೆಯ ನಿವೃತ್ತ ಇನ್ಸ್‌ಪೆಕ್ಟರು ಬಂದು, ಮಾತಾಡುತ್ತಾ ಆಡುತ್ತಾ ತಮ್ಮ ಟೋಪಿಯನ್ನು ಅದರ ಹಿಡಿಕೆಗೆ ತಗುಲಿಹಾಕಿದರು. ಹೋಗುವಾಗ ಟೋಪಿ ತೆಗೆದುಕೊಂಡು ಹೋದರು, ಕಪ್ಪಿನ ಬಗ್ಗೆ ತುಟಿ ಪಿಟ್ಟೆನ್ನಲಿಲ್ಲ. ಅವತ್ತು ಇವರು ಊಟ ಸರಿಯಾಗಿ ಮಾಡಲಿಲ್ಲ.

ಆ ವಾರವೇ ಹಲ್ಲುನೋವೆಂದು ದಂತವೈದ್ಯರ ಬಳಿ ಹೋದವರು ಹಲ್ಲನ್ನು ಹಾಗೇ ಇಟ್ಟುಕೊಂಡು, ಬದಲಿಗೆ ಒಂದು ಯೋಜನೆ ತಂದರು. ಅಲ್ಲಿ ಕಾಯುವ ಕೋಣೆಯಲ್ಲಿ ಗಿಡ ನೆಟ್ಟ ಗಾಜಿನ ತೊಟ್ಟಿ ಇತ್ತಂತೆ. ನೋವಿನಿಂದ ನರಳುವವರೂ ಕೆನ್ನೆ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದರಂತೆ.

“ಅಮ್ಮನಿಗೆ ಹೊತ್ತು ಹೋಗೋಲ್ಲ ಅಂತೀಯಲ್ಲ. ಒಂದು ಅಕ್ವೇರಿಯಂ ತರೋಣ” ಅಂದರು.

ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಿ ನಮ್ಮಲ್ಲಿಗೆ ಬಂದಿದ್ದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಹೊರಗೆ ಹೋಗುವವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈಯುವುದು ಅವರ ದಿನಚರಿ. ಕಾಲು ಮಡಿಸಿ ಬಿಡಿಸುವ ವ್ಯಾಯಾಮ ಹೇಳಿಕೊಡಲು ಬಂದ ಹುಡುಗಿ ಎರಡೇ ಸಲಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು ಹೋಗಿದ್ದಳು. ಅಮ್ಮನ ಮೇಲೆ ಮಗನಿಗೆ ಇಷ್ಟು ಕಾಳಜಿಯೇ ಎಂದು ನಾನು ಒಂದು ಕ್ಷಣ ಕರಗಿದ್ದು ನಿಜ. ಮರುಗಳಿಗೆಯೇ ಇವರು ಟೇಪು ಹಿಡಿದು ಕಪ್ಪಿನ ಎತ್ತರ ಅಳೆಯುವುದನ್ನು ನೋಡಿದೆ.

ತೊಟ್ಟಿ ಬಂತು. ಜೊತೆಗೆ ಮಣ್ಣು, ಕಲ್ಲು, ಗಾಳಿಯ ಕೊಳವೆ, ದೀಪ, ಗಿಡಗಳು, ಪುಟ್ಟಪುಟ್ಟ ಕೆಂಪು ಸೀಗಡಿಗಳು ಬಂದವು. ಅಂಗಡಿಯವನು ಬಿಡಿಸಿ ಹೇಳಿಯೇ ಕಳಿಸಿದ್ದ: ಮೊದಲು ನೀರು ತುಂಬಿಸಿ ಗಿಡ ನೆಟ್ಟು ಕೆಲವು ವಾರ ಬಿಡಬೇಕು, ನೀರು ಹದಕ್ಕೆ ಬಂದ ಮೇಲೆ ಸೀಗಡಿ ತಗೊಂಡು ಹೋಗಿ ಎಂದು. ಇವರು ತಲೆಯಾಡಿಸಿ ಎಲ್ಲವನ್ನೂ ಒಟ್ಟಿಗೇ ಹೊತ್ತು ತಂದು ಒಟ್ಟಿಗೇ ಸುರಿದರು. ಗಿಡಗಳನ್ನು ಯಾರೋ ಕಿತ್ತುಕೊಂಡು ಹೋಗುತ್ತಾರೇನೋ ಎಂಬಂತೆ ಕುತ್ತಿಗೆಯವರೆಗೂ ಹೂತರು. ಕೊನೆಗೆ ಉಸಿರು ಬಿಗಿಹಿಡಿದು, ದೀಪದ ನೇರ ಕೆಳಗೆ, ನಟ್ಟನಡುವೆ ಕಪ್ಪನ್ನು ಪ್ರತಿಷ್ಠಾಪಿಸಿದರು.

“ರೀ, ನೀರಲ್ಲಿ ಇಟ್ರೆ ಹಾಳಾಗಲ್ವಾ ಅದು?” ಎಂದು ಕೇಳಿದೆ.

“ಚಿನ್ನದ ನೀರು ಕುಡಿಸಿದ್ದು ಕಣೇ. ಸಾಹೇಬ್ರೇ ಹೇಳಿದ್ದಾರೆ. ಚಿನ್ನಕ್ಕೆ ತುಕ್ಕು ಹಿಡಿದಿದ್ದು ಎಲ್ಲಾದ್ರೂ ಕೇಳಿದ್ದೀಯಾ?”

ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಚಿನ್ನ ತುಕ್ಕು ಹಿಡಿಯುವಷ್ಟು ಎಂದೂ ಇರಲಿಲ್ಲ.

ಅತ್ತೆ ಮೊದಲ ದಿನ, “ಹುಳ ಹುಪ್ಪಟೆ ತಂದು ನಡುಮನೇಲಿ ಇಟ್ಟಿದ್ದಾನೆ” ಎಂದು ಮುಖ ಸಿಂಡರಿಸಿದರು. ಸಂಜೆಯ ಹೊತ್ತಿಗೆ ಕುರ್ಚಿಯನ್ನು ಒಂದಿಷ್ಟು ಈಚೆಗೆ ಸರಿಸಲು ಹೇಳಿದರು. ಮರುದಿನ ಇನ್ನೊಂದಿಷ್ಟು. ಮೂಗು ಗಾಜಿಗೆ ತಾಗುವಷ್ಟು ಹತ್ತಿರವಾದ ಮೇಲೆ ಬೀದಿಯವರಿಗೆ ಬೈಗುಳ ನಿಂತಿತು. ಗಡಿಬಿಡಿಯಿಂದ ಓಡಾಡುವ ಒಂದಕ್ಕೆ ‘ಗುಮಾಸ್ತ’ ಎಂದು ಹೆಸರಿಟ್ಟರು. ಎಲ್ಲರನ್ನೂ ತಳ್ಳಿ ಮುಂದೆ ಬರುವ ದಪ್ಪನೆಯದಕ್ಕೆ ‘ಯಜಮಾನಿ’.

“ಇವಕ್ಕೆ ನಿದ್ದೆ ಅನ್ನೋದು ಇದ್ಯೇನೇ? ಕೈ ನೋಡು, ತಿನ್ನೋಕೆ ಏನೂ ಇಲ್ದಿದ್ರೂ ಬಾಯಿಗೆ ಹೋಗ್ತಾನೇ ಇರುತ್ತೆ. ಕಣ್ಣು ಮುಚ್ಚೋಕೆ ರೆಪ್ಪೆ ಇದ್ಯಾ ಇವಕ್ಕೆ?”

ನನಗೇನು ಗೊತ್ತು. ಆದರೆ ಸೀಗಡಿ ಆ ಮೂಲೆಯಿಂದ ಈ ಮೂಲೆಗೆ ಈಜಿದಾಗಲೆಲ್ಲ ಅತ್ತೆ ಆ ಕಡೆ ವಾಲಿ ಈ ಕಡೆ ವಾಲಿ, ಯಾರ ಮಾತಿಗೂ ಮಡಿಸದ ಮೊಣಕಾಲನ್ನು ತಾವಾಗಿಯೇ ಮಡಿಸುತ್ತಿದ್ದರು. ಅದನ್ನು ನೋಡಿ ನಾನು ಬಾಯಿ ಬಿಡಲಿಲ್ಲ. ಹೇಳಿದರೆ ನಿಲ್ಲಿಸಿಬಿಡುವ ಹೆಂಗಸು ಅವರು.

ಮೊದಲು ಗಿಡಗಳು ಕೈ ಕೊಟ್ಟವು. ಎಲೆ ಹಳದಿಯಾಗಿ, ಗಾಜಿನಂತೆ ತೆಳ್ಳಗಾಗಿ, ಲೋಳೆಲೋಳೆಯಾಗಿ ಕರಗತೊಡಗಿತು. ಇವರು ಒಂದು ಗಿಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ನಡೆದರು. ನಾನೂ ಜೊತೆಗೆ ಹೋದೆ.

ಅಂಗಡಿಯವನು ಚೀಲ ಎತ್ತಿ ನೋಡಿದ. “ಇದು ಸಹಜ ಸರ್. ಈ ಗಿಡ ನೀರಿಂದ ಹೊರಗಡೆ ಬೆಳೆಸಿರ್ತಾರೆ. ಗಾಳಿಗೆ ಅಂತ ಬಂದ ಎಲೆ ನೀರಲ್ಲಿ ಕರಗುತ್ತೆ, ಆಮೇಲೆ ನೀರಿಗೆ ಒಗ್ಗೋ ಎಲೆ ಬರುತ್ತೆ. ಸ್ವಲ್ಪ ತಾಳಿ. ನಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ.”

ಆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ಇವರ ಮುಖ ಕೆಂಪಾಯಿತು. ಹೊರಗೆ ಬಂದು, “ಸುಳ್ಳು ಹೇಳ್ತಿದ್ದಾನೆ” ಅಂದರು.

“ಹೇಗೆ ಗೊತ್ತು?”

“ನಮ್ಮ ಕಡೆಯಿಂದ ತೊಂದರೆ ಇಲ್ಲ ಅನ್ನೋ ಮಾತಿನ ಒಳಗುಟ್ಟು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?”

ಆಮೇಲೆ ಸೀಗಡಿಗಳ ಸರದಿ. ಒಂದು ಬೆಳಗ್ಗೆ ಗುಮಾಸ್ತ ಬೋರಲಾಗಿ ಬಿದ್ದಿದ್ದ. ಅತ್ತೆ ಆ ಹೊತ್ತು ತಿಂಡಿ ಮುಟ್ಟಲಿಲ್ಲ. ಮರುದಿನ ಇನ್ನೆರಡು. ಇವರದು ಬರೆಯುವ ಕೈ, ಸಾವಿನ ಲೆಕ್ಕ ಬರೆಯಲು ಶುರುಮಾಡಿದರು. ತಳದಲ್ಲಿ ಬಿಳುಚಿಕೊಂಡು ಬಿದ್ದಿದ್ದನ್ನೆಲ್ಲ ಚಮಚದಲ್ಲಿ ಎತ್ತಿ ಒಂದು ಚಿಕ್ಕ ಡಬ್ಬಿಯಲ್ಲಿ ಸಂಗ್ರಹಿಸಿದರು. ವಾರದ ಕೊನೆಗೆ ಲೆಕ್ಕ ಮುಗಿಸಿ ಗಂಭೀರವಾಗಿ ಓದಿದರು: “ತಂದದ್ದು ಹನ್ನೆರಡು. ಸತ್ತದ್ದು ಹದಿನಾಲ್ಕು. ಉಳಿದದ್ದು ಐದು.”

“ಹಾಗಾದ್ರೆ ಸೀಗಡಿ ಸಾಯ್ತಾ ಇರೋದಲ್ಲ, ಸತ್ತು ಸತ್ತು ಹೆಚ್ತಾ ಇದ್ದಾವೆ” ಅಂದೆ ನಾನು.

“ಎಲ್ಲ ಹೆಣ ಅಲ್ಲ ಕಣೋ ಅವು” ಎಂದರು ಅತ್ತೆ. “ಅಂಗಿ. ಯಜಮಾನಿ ನಿನ್ನೆ ನನ್ನ ಕಣ್ಣೆದುರೇ ಬೆನ್ನ ಕಡೆ ಬಿಚ್ಕೊಂಡು ಅಂಗಿ ಕಳಚಿ ಎಸೆದು ಹೋದಳು. ಅದನ್ನೂ ನೀನು ಎತ್ತಿ ಡಬ್ಬಿಗೆ ಹಾಕಿದೆ.”

“ಅಮ್ಮ, ಸುಮ್ನಿರು. ಸೀಗಡಿ ಅಂಗಿ ಹಾಕುತ್ತಾ?” ಎಂದ ಇವರು ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. “ದಿನವಿಡೀ ಇದರ ಮುಂದೆ ಕೂರೋದು ನೀನೊಬ್ಬಳೇ. ಗಂಟೆಗೊಂದು ಸಲ ತಿನ್ನೋಕೆ ಏನಾದ್ರೂ ಉದುರಿಸ್ತಾ ಇರ್ತೀಯ. ನೀರು ಕೆಟ್ಟಿರೋದು ನಿನ್ನಿಂದಾನೇ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅತ್ತೆ ತೊಟ್ಟಿಗೆ ಉದುರಿಸುತ್ತಿದ್ದುದು ದಿನಕ್ಕೊಂದು ಚಿಟಿಕೆ, ಅದೂ ನಾನು ಅಳೆದು ಕೈಗೆ ಕೊಟ್ಟದ್ದು. ಅದನ್ನು ಹೇಳಲು ಬಾಯಿ ತೆರೆದೆ. ಅತ್ತೆ ಕೈಯೆತ್ತಿ ತಡೆದರು.

“ಸರಿ. ನಾನೇ ಕೊಂದೆ ಅಂತ ಇಟ್ಕೋ” ಎಂದಷ್ಟೇ ಅಂದರು. “ನನ್ನ ಕುರ್ಚಿ ಆ ಗೋಡೆ ಕಡೆ ತಿರುಗಿಸು ಬಾರಮ್ಮ.”

ತಿರುಗಿಸಿದೆ. ಅತ್ತೆಯ ಎದುರಿಗೆ ಈಗ ಖಾಲಿ ಶೋಕೇಸು. ಅವರು ತೊಟ್ಟಿಗೆ ಬೆನ್ನು ಕೊಟ್ಟು ಕೂತು, ಚಿಕ್ಕ ಮಗನಿಗೆ ಫೋನ್ ಮಾಡಿ, “ಶನಿವಾರ ಬಂದು ಕರ್ಕೊಂಡು ಹೋಗು. ಇಲ್ಲಿ ನನ್ನ ಕೈ ತಾಗಿದ್ದೆಲ್ಲ ಸಾಯುತ್ತಂತೆ” ಎಂದರು. ಮೊಣಕಾಲು ಮಡಿಸುವುದೂ ಅವತ್ತಿಗೇ ನಿಂತಿತು.

ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎನ್ನುವವರು ಅನ್ನಲಿ, ನನಗೆ ಈ ಮನೆಯಲ್ಲಿ ಮಾತಿಗೆ ಮಾತು ಕೊಡುವವರು ಅವರೊಬ್ಬರೇ. ಇವರಿಗೆ ಹೇಳಿದರೆ ಪೇಪರಿನಿಂದ ಉತ್ತರ ಬರುತ್ತದೆ, ಅತ್ತೆಗೆ ಹೇಳಿದರೆ ಜಗಳವಾದರೂ ಬರುತ್ತದೆ. ಆ ಕಾಲಿನಲ್ಲಿ ಮೈದುನನ ಮನೆಯ ಮೂರು ಮಹಡಿ ಹತ್ತಿದರೆ ಅವರು ಮತ್ತೆ ಇಳಿಯುವುದು ಯಾವಾಗ? ಶನಿವಾರದೊಳಗೆ ಸೀಗಡಿಗಳ ಸಾವಿಗೆ ಬೇರೆ ಕಾರಣ ಸಿಗಲೇಬೇಕು ಎಂದು ನಾನು ನಿಶ್ಚಯಿಸಿದೆ. ಅದಕ್ಕಾಗಿ ಮೇಲ್ಮನೆಯ ಇನ್ಸ್‌ಪೆಕ್ಟರಿಗೆ ಹೇಳಿ ಕಳಿಸಿದ್ದು ಮಾತ್ರ ನನ್ನ ತಪ್ಪು.

ಇನ್ಸ್‌ಪೆಕ್ಟರು ನಿವೃತ್ತರಾದ ಮೇಲೆ ಕಟ್ಟಡದಲ್ಲಿ ಒಂದು ಕಳ್ಳತನವೂ ಆಗದೆ ಒಣಗಿಹೋಗಿದ್ದರು. ಟಾರ್ಚು ಹಿಡಿದು ಬಂದು ತೊಟ್ಟಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು.

“ಮೃತರನ್ನ ಕೊನೆಯದಾಗಿ ಜೀವಂತ ನೋಡಿದ್ದು ಯಾರು?”

“ನಾನೇ” ಎಂದರು ಅತ್ತೆ ಗೋಡೆಯ ಕಡೆಯಿಂದ. “ಬೇಡಿ ತಂದಿದ್ದೀರಾ?”

“ಅಮ್ಮಾವ್ರೇ, ನಿಮ್ಮ ಮೇಲೆ ಅನುಮಾನ ಇಲ್ಲ.” ಇನ್ಸ್‌ಪೆಕ್ಟರು ಡಬ್ಬಿಯನ್ನು ಅಲ್ಲಾಡಿಸಿ ನೋಡಿದರು. “ಒಂದು ಚಿಟಿಕೆ ತಿಂಡಿಗೆ ಇಷ್ಟು ಸಾವು ಆಗಲ್ಲ. ಗಿಡಾನೂ ಸಾಯ್ತಿದೆ, ಪ್ರಾಣೀನೂ ಸಾಯ್ತಿದೆ. ಇಬ್ಬರೂ ಕುಡಿದದ್ದು ಏನು? ನೀರು. ನೀರು ಎಲ್ಲಿಂದ ಬಂತು? ನಲ್ಲಿಯಿಂದ. ನಲ್ಲಿ ಯಾರದ್ದು?”

ಎಲ್ಲರೂ ಇವರ ಕಡೆ ನೋಡಿದೆವು. ಇವರು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡರು.

ಮಧ್ಯಾಹ್ನದೊಳಗೆ ಸುದ್ದಿ ಕಟ್ಟಡವೆಲ್ಲ ಹರಡಿತು: ನೀರಿನ ಆಫೀಸಿನವರ ಮನೆಯಲ್ಲೇ ನೀರು ಕುಡಿದು ಹದಿನಾಲ್ಕು ಸತ್ತಿವೆಯಂತೆ. ಸಂಜೆಯ ಹೊತ್ತಿಗೆ ಸೀಗಡಿ ಎಂಬ ಮಾತು ಉದುರಿಹೋಗಿ ಹದಿನಾಲ್ಕು ಮಾತ್ರ ಉಳಿಯಿತು. ಪಕ್ಕದ ಬೀದಿಯವರು ಸಂತಾಪ ಹೇಳಲು ಬಂದರು. ನೀರಿನ ಕ್ಯಾನು ಮಾರುವವನು ನಮ್ಮ ಗೇಟಿನ ಮುಂದೆಯೇ ಗಾಡಿ ನಿಲ್ಲಿಸಿಕೊಂಡ. ಕೆಳಮನೆಯಲ್ಲಿ ಬಟ್ಟೆ ಹೊಲಿಯುವಾಕೆ, ತನಗೆ ಹೋದ ವಾರದಿಂದಲೂ ನಾಲಿಗೆ ಒಂಥರಾ ಆಗುತ್ತಿದೆ ಎಂದಳು. ಕೇಳಿದವರಿಗೆಲ್ಲ ತಂತಮ್ಮ ನಾಲಿಗೆಯೂ ಒಂಥರಾ ಆಯಿತು.

ಇನ್ಸ್‌ಪೆಕ್ಟರು ಒಂದು ದೂರು ಬರೆದರು. ಎಲ್ಲರೂ ಸಹಿ ಹಾಕಿದರು. ಮೊದಲ ಸಹಿ ನೊಂದವರದ್ದೇ ಆಗಬೇಕೆಂದು ಇವರ ಕೈಗೆ ಪೆನ್ನು ಕೊಟ್ಟರು. ಬೇಡ ಎಂದರೆ ನೀರಿನಲ್ಲಿ ಏನೋ ಮುಚ್ಚಿಡುತ್ತಿದ್ದಾರೆ ಎಂದಾಗುತ್ತದೆ. ಹಾಕಿದರೆ ಸ್ವಂತ ಕಚೇರಿಯ ಮೇಲೆ ದೂರು ಕೊಟ್ಟಂತಾಗುತ್ತದೆ. ಇವರು ಬೆವರು ಒರೆಸಿಕೊಂಡು ಸಹಿ ಹಾಕಿದರು.

ಮರುದಿನ ಸಂಜೆ ಉತ್ತರ ಬಂತು. ಇನ್ಸ್‌ಪೆಕ್ಟರು ನಮ್ಮ ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದರು. “ಪರಿಶೀಲಿಸಲಾಗಿದೆ. ನಮ್ಮ ಕಡೆಯಿಂದ ಯಾವ ದೋಷವೂ ಇಲ್ಲ.” ಆಮೇಲೆ ಇವರ ಕಡೆ ತಿರುಗಿದರು. “ಸಹಿ ಯಾವ ಪುಣ್ಯಾತ್ಮನದ್ದೋ ಗೊತ್ತಾಗ್ತಿಲ್ಲ. ನಿಮ್ಮ ಆಫೀಸಿನವನೇ ಅಲ್ವಾ, ನೀವೇ ನೋಡಿ ಸ್ವಲ್ಪ.”

ಇವರು ಕಾಗದ ತೆಗೆದುಕೊಂಡು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

“ಇದು ನಂದೇ” ಎಂದರು.

“ಅಂದ್ರೆ ದೂರು ಕೊಟ್ಟವರೂ ನೀವೇ, ಪರಿಶೀಲಿಸಿದವರೂ ನೀವೇ.”

“ಹೌದು.”

“ಪರಿಶೀಲಿಸಿದ್ರಾ?”

“ಸಂಜೆ ರಾಶಿ ಇತ್ತು ಸರ್.”

“ಅಲ್ರಿ, ನಿಮ್ಮ ಸಹಿಯ ಪಕ್ಕದಲ್ಲೇ ನಿಮ್ಮ ಸಹಿ ಹಾಕಿದ್ದೀರಲ್ಲ. ಅದಾದ್ರೂ ಕಣ್ಣಿಗೆ ಬೀಳಲಿಲ್ವಾ?”

“ಓದ್ತಾ ಕೂತ್ರೆ ಬಾಕಿ ಉಳಿಯುತ್ತೆ ಸರ್” ಎಂದರು ಇವರು, ಬಹಳ ಪ್ರಾಮಾಣಿಕವಾಗಿ.

ಹೊಲಿಯುವಾಕೆ ಒಂದು ಹೆಜ್ಜೆ ಮುಂದೆ ಬಂದಳು. “ಹಾಗಾದ್ರೆ ಹೋದ ವರ್ಷ ನಮ್ಮನೆ ನಲ್ಲೀಲಿ ಎರೆಹುಳ ಬಂತು ಅಂತ ಬರೆದಿದ್ನಲ್ಲ ಅಣ್ಣಾ, ಅದಕ್ಕೂ ನೀವೇನಾ ಉತ್ತರ ಕೊಟ್ಟಿದ್ದು?” ಎನ್ನುತ್ತಾ ಓಡಿಹೋಗಿ ಕಾಗದ ತಂದಳು. ಅವಳ ಹಿಂದೆ ಎದುರುಮನೆಯವರು ತಂದರು. ನೋಡನೋಡುತ್ತಿದ್ದಂತೆ ಕಟ್ಟಡದ ಪ್ರತಿಯೊಂದು ಮನೆಯಿಂದಲೂ ಒಂದೊಂದು ಕಾಗದ ಹೊರಬಿತ್ತು, ಎಲ್ಲದರಲ್ಲೂ ಅದೇ ಸಾಲು, ಅದೇ ಸಹಿ. ಬರೆಯುವವರೂ ಉತ್ತರಿಸುವವರೂ ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು ಎಂದು ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ. ಇನ್ನು ಎಂಜಿನಿಯರ್ ಸಾಹೇಬರೇ ಬರಬೇಕು, ಇಲ್ಲದಿದ್ದರೆ ಪೇಪರಿನವರನ್ನು ಕರೆಯುತ್ತೇವೆ ಎಂದು ಕಟ್ಟಡ ತೀರ್ಮಾನಿಸಿತು.

ಪೇಪರು ಎಂದದ್ದೇ ಕಚೇರಿಗೆ ಕೈಕಾಲು ಬಂತು. ಮರುದಿನವೇ ಪ್ರಯೋಗಾಲಯದಿಂದ ಒಬ್ಬ ಮೇಡಂ ಬಂದು, ನಲ್ಲಿಯ ನೀರು ಒಂದು ಬಾಟಲಿಗೆ, ತೊಟ್ಟಿಯ ನೀರು ಇನ್ನೊಂದು ಬಾಟಲಿಗೆ ತುಂಬಿಸಿಕೊಂಡು ಹೋದರು. ಫಲಿತಾಂಶ ಹೇಳಲು ಸಾಹೇಬರ ಜೊತೆಗೇ ಬರುತ್ತೇನೆ ಎಂದ ದಿನ ಶನಿವಾರ.

ಶನಿವಾರ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೋಫಾದ ಮೇಲೆ ಸಾಹೇಬರು, ಅವರ ಪಕ್ಕ ಮೇಡಂ, ಬಾಗಿಲಲ್ಲಿ ಟೋಪಿ ಹಾಕಿದ ಇನ್ಸ್‌ಪೆಕ್ಟರು, ಮೆಟ್ಟಿಲ ತನಕ ಕಟ್ಟಡ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಅವರ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ಬಟ್ಟೆ ಮಡಿಸಿ ತುಂಬಿದ್ದು ನಾನೇ, ಎಷ್ಟು ನಿಧಾನವಾಗಿ ಮಡಿಸಬಹುದೋ ಅಷ್ಟು ನಿಧಾನವಾಗಿ.

ಮೇಡಂ ಹೆಚ್ಚು ಮಾತಿನವರಲ್ಲ. “ನಲ್ಲಿ ನೀರು ಚೆನ್ನಾಗಿದೆ. ತೊಟ್ಟಿ ನೀರಲ್ಲಿ ತಾಮ್ರ ಇದೆ. ಇಷ್ಟಕ್ಕೆ ಮನುಷ್ಯರಿಗೇನೂ ಆಗಲ್ಲ. ಸೀಗಡಿಗೆ ಮಾತ್ರ ವಿಷ” ಎಂದರು.

ಹೊಲಿಯುವಾಕೆಯ ನಾಲಿಗೆ ಅಲ್ಲೇ ಸರಿಹೋಯಿತು. ಸಾಹೇಬರು ಎದೆ ಮುಂದೆ ಮಾಡಿ, “ಅಂದ್ಮೇಲೆ ನಮ್ಮ ಕಡೆಯಿಂದ ಯಾವ ದೋಷವೂ ಇಲ್ಲ” ಎಂದು ಏಳಲು ಹೊರಟರು.

“ಕೂತ್ಕೊಳ್ಳಿ ಸರ್. ತಾಮ್ರ ಹೊರಗಿಂದ ಬಂದಿಲ್ಲ ಅಂದ್ರೆ ಒಳಗಿಂದ ಬಂದಿದೆ” ಎಂದು ಇನ್ಸ್‌ಪೆಕ್ಟರು ಬಾಗಿಲಿಗೆ ಅಡ್ಡ ನಿಂತರು. “ಯಾರ ಕೈಯಿಂದ ಬಂತು?”

ಇವರು ಸುತ್ತ ನೋಡಿದರು. ಪಾಪ, ನೋಡಿದ್ದು ಎಲ್ಲ ಕಡೆ, ಆದರೆ ತೊಟ್ಟಿಯ ನಡುವೆ ಮಾತ್ರ ಅಲ್ಲ. “ಅಮ್ಮ, ನೀನು ತಿಂಡಿ ಹಾಕುವಾಗ ಕೈ ಅದ್ದುತ್ತಿದ್ದೆಯಲ್ಲ. ನಿನ್ನ ಬಳೆ ಏನಾದ್ರೂ...”

“ಬಳೆ ಆಪರೇಷನ್ ದಿನ ಬಿಚ್ಚಿದ್ದು. ನಿನ್ನ ಹೆಂಡತಿ ಬೀರುವಲ್ಲಿದೆ, ಹೋಗಿ ಕೇಳು” ಎಂದರು ಅತ್ತೆ ತಿರುಗದೆ.

ಅಷ್ಟರಲ್ಲಿ ಮೈದುನ ಬಂದ. ಇಷ್ಟು ಜನವನ್ನು ಕಂಡು ಬೆಚ್ಚಿ, ಯಾರಿಗೆ ಏನಾಯಿತೆಂದು ಕೇಳುವ ಧೈರ್ಯವಾಗದೆ ಚೀಲವನ್ನು ಎತ್ತಿಕೊಂಡು, “ಅಮ್ಮ, ಹೊರಡೋಣ್ವಾ?” ಎಂದ.

“ತಡಿಯೋ. ಹೋಗೋ ಮುಂಚೆ ಒಂದು ಮಾತು ಕೇಳ್ಬೇಕು.” ಅತ್ತೆ ಕೋಲಿನಿಂದ ಶೋಕೇಸಿನ ಗಾಜಿನ ಬಾಗಿಲನ್ನು ತಟ್ಟಿದರು. “ಇಲ್ಲಿ ಇವನ ಕಪ್ ಇದ್ದಾಗ ಏನೂ ಕಾಣ್ತಿರಲಿಲ್ಲ. ಖಾಲಿಯಾದ ಮೇಲೆ ಈ ಗಾಜಲ್ಲಿ ನನ್ನ ಬೆನ್ನ ಹಿಂದಿನ ತೊಟ್ಟಿ ಪೂರ್ತಿ ಕಾಣುತ್ತೆ.”

ಅಬ್ಬ, ನನ್ನತ್ತೆಯೇ. ಮುನಿಸಿಕೊಂಡು ಬೆನ್ನು ತಿರುಗಿಸಿದ್ದಾರೆ ಎಂದು ನಾವೆಲ್ಲ ಮರುಗುತ್ತಾ ಕೊರಗುತ್ತಾ ಇದ್ದರೆ, ಅವರು ವಾರವಿಡೀ ಗಾಜಿನೊಳಗೆ ಸೀಗಡಿ ನೋಡುತ್ತಾ ಕೂತಿದ್ದಾರೆ.

“ಅವು ಎಲೆ ಮೇಲೆ ಕೂರ್ತವೆ, ಕಲ್ಲಿನ ಮೇಲೆ ಕೂರ್ತವೆ, ಆ ಗಾಳಿ ಕೊಳವೆ ಮೇಲೂ ಕೂರ್ತವೆ. ಇವನ ಕಪ್ಪಿನ ಮೇಲೆ ಮಾತ್ರ ಒಂದು ದಿನಾನೂ ಒಂದೂ ಕೂತಿದ್ದು ನೋಡ್ಲಿಲ್ಲ. ಯಾಕಿರಬಹುದು? ನನಗೆ ಅದೇ ತಲೆ ಕೊರೀತಿದೆ. ಮೊದಲು, ಬೇರೆಯವರ ಬಹುಮಾನ ಮುಟ್ಟಬಾರದು ಅನ್ನೋ ಮರ್ಯಾದೆ ಇರಬೇಕು ಅಂದ್ಕೊಂಡೆ. ಆಮೇಲೆ ಅದರ ಬುಡ ಹಸಿರಾಗ್ತಾ ಬಂತು.”

ಮೇಡಂ ಎದ್ದುಹೋಗಿ ತೊಟ್ಟಿಯ ಮುಂದೆ ಬಗ್ಗಿದರು. ಅವರ ಹಿಂದೆ ಇನ್ಸ್‌ಪೆಕ್ಟರು, ಅವರ ಹಿಂದೆ ಕಟ್ಟಡ. ಎಷ್ಟು ಜನ ಬಂದರೂ ಯಾರ ಕಣ್ಣಿಗೂ ಬೀಳದಿದ್ದ ಕಪ್ಪನ್ನು ಆ ಹೊತ್ತು ಎಲ್ಲರೂ ಕಣ್ಣು ಕೀಲಿಸಿ ನೋಡಿದರು.

“ಸರ್, ಇದು ಯಾವ ಲೋಹ?” ಮೇಡಂ ಕೇಳಿದರು.

“ಚಿನ್ನದ ನೀರು ಕುಡಿಸಿದ್ದು” ಎಂದರು ಇವರು. ದನಿ ಸಣ್ಣಗಿತ್ತು.

“ಅದು ಮೇಲೆ. ಒಳಗೆ?”

ಇವರು ಸಾಹೇಬರನ್ನು ನೋಡಿದರು. ಸಾಹೇಬರು ಚಾವಣಿಯನ್ನು ನೋಡುತ್ತಿದ್ದರು. “ನಿಮ್ಮ ಫ್ಯಾನ್ ಯಾಕೋ ಕಿರುಗುಟ್ಟುತ್ತಿದೆಯಲ್ರಿ” ಎಂದರು. ಆಮೇಲೆ ಇವರನ್ನು ಹತ್ತಿರ ಕರೆದು, ಗುಟ್ಟು ಎಂದು ಅವರಿಗೆ ಅನಿಸಿದ ದನಿಯಲ್ಲಿ ಹೇಳಿದರು: “ಕಪ್ ವಿಷಯ ಎತ್ತೋದು ಬೇಡ. ಎಲ್ಲಿಂದ ತರಿಸಿದ್ರು, ಏನು ತರಿಸಿದ್ರು, ಎಲ್ಲ ಹೊರಗೆ ಬರುತ್ತೆ. ಕಾರಣ ತಿಳಿದುಬಂದಿಲ್ಲ ಅಂತ ಬರೆದುಬಿಡಿ. ಮುಂದಿನ ವರ್ಷವೂ ಕಪ್ ನಿಮಗೇ.”

ಇವರ ಕೈ ಜೇಬಿನ ಪೆನ್ನಿನ ಕಡೆ ಹೋಯಿತು. ಅದು ಅಭ್ಯಾಸ, ಮನುಷ್ಯನನ್ನು ಬೈದು ಪ್ರಯೋಜನವಿಲ್ಲ. ನಾನು ಬಾಯಿ ತೆರೆದಿದ್ದರೆ ಎದುರಿಗಿರುವವರು ಎಂಜಿನಿಯರ್ ಸಾಹೇಬರು ಎಂಬುದನ್ನೂ ಲೆಕ್ಕಿಸುತ್ತಿರಲಿಲ್ಲ. ಆದರೆ ಪೆನ್ನು ಹೊರಗೆ ಬರಲಿಲ್ಲ. ಇವರು ಮೈದುನನ ಕೈಯಲ್ಲಿದ್ದ ಚೀಲವನ್ನು ನೋಡಿದರು. ಗೋಡೆ ಕಡೆ ತಿರುಗಿದ್ದ ಕುರ್ಚಿಯನ್ನು ನೋಡಿದರು. ಗಾಜಿನಲ್ಲಿ ಅತ್ತೆಯ ಮುಖ ಕಾಣುತ್ತಿತ್ತು. ಅವರು ಕಪ್ಪನ್ನಲ್ಲ, ಮಗನನ್ನೇ ನೋಡುತ್ತಿದ್ದರು.

ಇವರು ಹೋಗಿ, ತೋಳು ಮಡಿಸುವುದನ್ನೂ ಮರೆತು, ಕೈಗಡಿಯಾರದ ಸಮೇತ ಕೈಯನ್ನು ತೊಟ್ಟಿಗೆ ಇಳಿಸಿ ಕಪ್ಪನ್ನು ಮೇಲೆತ್ತಿದರು. ಚಿನ್ನವೆಲ್ಲ ಅಂಗೈಗೆ ಅಂಟಿಕೊಂಡು ಬಂತು. ಕೆಳಗೆ ಮಾಸಿದ ಕೆಂಪು ತಾಮ್ರ, ಸಂದಿಗೊಂದಿಗಳಲ್ಲಿ ಹಸಿರು ಕಿಲುಬು. ‘ಶೂನ್ಯ ದೂರು’ ಎಂಬ ಅಕ್ಷರ ಮಾತ್ರ ಹಾಗೇ ಇತ್ತು.

“ದೋಷ ನಮ್ಮ ಕಡೆಯದೇ” ಎಂದರು ಇವರು.

ಇವರ ಇಡೀ ನೌಕರಿಯಲ್ಲಿ ಆ ವಾಕ್ಯ ಇವರ ಬಾಯಿಂದಾಗಲಿ ಪೆನ್ನಿನಿಂದಾಗಲಿ ಬಂದದ್ದಿಲ್ಲ. ಹೇಳಿ ಅಭ್ಯಾಸವಿಲ್ಲದ್ದರಿಂದ ಸರಿಯಾಯಿತೋ ಇಲ್ಲವೋ ಎಂದು ಸ್ವಲ್ಪ ಯೋಚಿಸಿ, ತಿದ್ದಿಕೊಂಡರು. “ನಮ್ಮ ಕಡೆಯದು ಅಲ್ಲ. ನಂದೇ, ಅಮ್ಮ. ನಿಂದೇನೂ ಇಲ್ಲ. ನೀನು ಚಿಟಿಕೆ ಹಾಕಿದೆ, ನಾನು ವಿಷ ಇಟ್ಟೆ.”

ಮಾತು ಮುಗಿಸಿದವರೇ ಒದ್ದೆ ತೋಳಿನಲ್ಲೇ, ಅತ್ತೆಯನ್ನು ಕೂರಿಸಿಕೊಂಡೇ ಕುರ್ಚಿಯನ್ನು ದರದರ ಎಳೆದು ತೊಟ್ಟಿಯ ಕಡೆ ತಿರುಗಿಸಿದರು. ನನಗೆ ಕಣ್ಣು ಮಂಜಾಯಿತು. ಮೂಗು ಒರೆಸಿಕೊಳ್ಳಲು ಸೆರಗು ಸಿಗದೆ ಪಕ್ಕದಲ್ಲಿದ್ದ ಹೊಲಿಯುವಾಕೆಯ ಟೇಪನ್ನೇ ಎಳೆದುಕೊಂಡೆನಂತೆ, ಅವಳು ಆಮೇಲೆ ಹೇಳಿದಳು.

ಮೇಡಂ ಪುರಾವೆಯ ಡಬ್ಬಿಯನ್ನು ಬಿಚ್ಚಿ ಕಡ್ಡಿಯಿಂದ ಕೆದಕಿದರು. “ಇದರಲ್ಲಿ ಸತ್ತದ್ದು ಅರ್ಧವೇ. ಉಳಿದದ್ದು ಬೆಳೆಯುವಾಗ ಕಳಚೋ ಹೊರಚಿಪ್ಪು.”

“ಅಂಗಿ” ಎಂದರು ಅತ್ತೆ.

“ಹೌದು, ಅಂಗಿ” ಎಂದು ಒಪ್ಪಿಕೊಂಡ ಮೇಡಂ ಇವರ ಕಡೆ ತಿರುಗಿದರು. ನೀರನ್ನು ಒಮ್ಮೆಲೇ ಚೆಲ್ಲದೆ ದಿನಾ ಸ್ವಲ್ಪಸ್ವಲ್ಪ ಬದಲಿಸಬೇಕು, ಗಿಡಗಳ ಕುತ್ತಿಗೆಯನ್ನು ಮಣ್ಣಿನಿಂದ ಮೇಲೆತ್ತಬೇಕು, ಹೊಸ ತೊಟ್ಟಿಗೆ ತಾಳ್ಮೆ ಬೇಕು, ಹೊಸ ಸೀಗಡಿಯನ್ನು ಸದ್ಯಕ್ಕೆ ತರಲೇಬಾರದು ಎಂದರು. ಅಂಗಡಿಯವನು ಹೇಳಿದ್ದೂ ಇದೇ. ಬುಡದಲ್ಲಿ ನೋಡಿದರೆ ಹಳೆಯ ಎಲೆ ಕರಗಿದ ಜಾಗದಲ್ಲಿ ಉಗುರಿನಷ್ಟು ಹಸಿರು ಚಿಗುರು ಇಣುಕುತ್ತಿತ್ತು. ಆ ಬಡಪಾಯಿ ಸತ್ಯವನ್ನೇ ಹೇಳಿದ್ದ, ಹೇಳುವಾಗ ಇವರ ವಾಕ್ಯ ಬಳಸಿ ಕೆಟ್ಟ.

ಸಾಹೇಬರು ಯಾವಾಗ ಹೊರಟರೋ ಯಾರೂ ನೋಡಲಿಲ್ಲ. ಕಪ್ಪನ್ನು ಅಡುಗೆಮನೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒತ್ತಾಗಿ ಇಟ್ಟೆ. ತೂಕ ಚೆನ್ನಾಗಿದೆ. ಇನ್ಸ್‌ಪೆಕ್ಟರು ಪ್ರಕರಣ ಮುಗಿಯಿತೆಂದು ಸಾರಿದರು. ಕಟ್ಟಡದವರು ಮಾತ್ರ ಹೋಗಲಿಲ್ಲ. ತಮ್ಮ ತಮ್ಮ ಹಳೆಯ ಕಾಗದಗಳನ್ನು ಒಂದರ ಮೇಲೊಂದು ಇವರ ಮಡಿಲಲ್ಲಿ ಪೇರಿಸಿದರು. ಇವರು ಮೊದಲನೆಯದನ್ನು ಎತ್ತಿಕೊಂಡು, ಮೇಲಿನ ಸಾಲಿನಿಂದ ಓದಲು ಶುರುಮಾಡಿ, “ಎರೆಹುಳ ಎಷ್ಟು ಉದ್ದ ಇತ್ತಮ್ಮ?” ಎಂದು ಹೊಲಿಯುವಾಕೆಯನ್ನು ಕೇಳಿದರು. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವರ ಹಾಗೆ ಕೇಳಿದರು.

ಮೈದುನ ಚೀಲ ಹಿಡಿದು ನಿಂತೇ ಇದ್ದ. “ಅಮ್ಮ, ಹೊತ್ತಾಗುತ್ತೆ. ಹೊರಡೋಣ್ವಾ?”

ಅತ್ತೆಗೆ ಕೇಳಿಸಲಿಲ್ಲ. ಮೂಗನ್ನು ಗಾಜಿಗೆ ಒತ್ತಿ, ಮೊಣಕಾಲನ್ನು ಪೂರ್ತಿ ಮಡಿಸಿ ಮುಂದಕ್ಕೆ ಬಾಗಿದ್ದರು. “ಇಲ್ಲಿ ಬಾರೇ, ಯಜಮಾನಿ ಹೊಟ್ಟೆ ಕೆಳಗೆ ಏನೋ ಕಾಳುಕಾಳಾಗಿ ಇದೆಯಲ್ಲ, ಏನದು?”

ಮೇಡಂ ಬಗ್ಗಿ ನೋಡಿ, “ಮೊಟ್ಟೆ. ಮರಿಯಾಗೋಕೆ ಇನ್ನೂ ಕೆಲವು ವಾರ ಬೇಕು” ಎಂದರು.

ಅತ್ತೆ ಆಗ ತಲೆಯೆತ್ತಿ ಚಿಕ್ಕ ಮಗನನ್ನು ನೋಡಿದರು.

“ನೀನು ಕಾಫಿ ಕುಡಿದು ಹೊರಡಪ್ಪ. ಚೀಲ ಒಳಗಿಟ್ಟು ಹೋಗು. ನನಗೀಗ ಎಲ್ಲಿಗೂ ಬರೋಕೆ ಪುರುಸೊತ್ತಿಲ್ಲ.”